ಮಗುವಿನ ಮಾತು ತಡವಾಗುತ್ತಿದೆಯೇ? ಫೋನು ಮತ್ತು ಯಂತ್ರಗಳ ನೆರವನ್ನು ಸರಿಯಾಗಿ ಪಡೆಯುವ ಬಗೆ

"ಮಗುವಿಗೆ ಎರಡು ವರ್ಷ ತುಂಬಿತು, ಮಾತು ಇನ್ನೂ ಬಂದಿಲ್ಲ. ಮೊಬೈಲಿನಲ್ಲೇ ಪರೀಕ್ಷೆ ಮಾಡಿ ಹೇಳುವ ಆಪ್‌ಗಳು ಇವೆಯಂತೆ, ಯಾವುದನ್ನು ಹಾಕಿಕೊಳ್ಳಬೇಕು?" ಎಂಬ ಪ್ರಶ್ನೆಯನ್ನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಮಂಜೇಶ್ವರ ಕಡೆಯ ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಅದರ ಬೆನ್ನಿಗೇ ಎರಡನೆಯ ಪ್ರಶ್ನೆಯೂ ಬರುತ್ತದೆ: ಮನೆಯಲ್ಲಿ ಹವ್ಯಕ ಕನ್ನಡ ಅಥವಾ ತುಳು, ಅಂಗನವಾಡಿಯಲ್ಲಿ ಮಲಯಾಳ, ನೆರೆಮನೆಯಲ್ಲಿ ಬ್ಯಾರಿ ಇಲ್ಲವೇ ಕೊಂಕಣಿ, ಇಷ್ಟೊಂದು ಭಾಷೆಗಳ ನಡುವೆ ಸಿಕ್ಕಿಯೇ ಮಗು ಮಾತಾಡುತ್ತಿಲ್ಲವೇ?

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಹಲವು ಭಾಷೆಗಳನ್ನು ಕೇಳುತ್ತ ಬೆಳೆಯುವುದರಿಂದ ಭಾಷೆಯ ತೊಂದರೆ ಹುಟ್ಟುವುದಿಲ್ಲ. ತೊಂದರೆ ನಿಜವಾಗಿ ಇದ್ದರೆ ಅದು ಮಗು ಕೇಳಿ ಬೆಳೆದ ಎಲ್ಲ ಭಾಷೆಗಳಲ್ಲೂ ಕಾಣಿಸುತ್ತದೆ. ಅಂಗನವಾಡಿಗೆ ಹೊಸದಾಗಿ ಸೇರಿದ ಮಗು ಮಲಯಾಳದಲ್ಲಿ ಮಾತ್ರ ಸುಮ್ಮನಿದ್ದು ಮನೆಯಲ್ಲಿ ಹರಟುತ್ತಿದ್ದರೆ ಅದು ಕಲಿಕೆಯ ಸಹಜ ಹಂತವೇ ಹೊರತು ದೋಷವಲ್ಲ. ಆದ್ದರಿಂದ ಯಾರಾದರೂ "ಮನೆಮಾತು ಬಿಡಿ, ಒಂದೇ ಭಾಷೆ ಆಡಿ" ಎಂದರೆ ಒಪ್ಪಬೇಡಿ.

ಇನ್ನು ಮೊದಲನೆಯ ಪ್ರಶ್ನೆ. ಮಗುವಿಗೆ ಏನು ತೊಂದರೆ ಎಂದು ನಿರ್ಣಯಿಸಬಲ್ಲ ಆಪ್ ಯಾವುದೂ ಇಲ್ಲ. ಆದರೆ ತಂತ್ರಜ್ಞಾನದಿಂದ ಆಗುವ ಮೂರು ಕೆಲಸಗಳು ಬಹಳ ದೊಡ್ಡವು. ನಿದ್ರಿಸುತ್ತಿರುವ ಹಸುಗೂಸಿನ ಕಿವಿಯನ್ನೂ ಅದು ಪರೀಕ್ಷಿಸಬಲ್ಲದು. ಏನನ್ನು ಗಮನಿಸಬೇಕೆಂದು ಹೆತ್ತವರಿಗೆ ಕ್ರಮವಾಗಿ ಕೇಳಬಲ್ಲದು. ಮಗು ಮನೆಯಲ್ಲಿ, ಮನೆಮಾತಿನಲ್ಲಿ ಆಡುವುದನ್ನು ಇದ್ದ ಹಾಗೆಯೇ ತಜ್ಞರ ಮುಂದಿಡಬಲ್ಲದು. ನಮ್ಮಂತಹ ಗಡಿನಾಡಿನಲ್ಲಿ ಈ ಮೂರನೆಯದರ ಬೆಲೆ ಎಲ್ಲಕ್ಕಿಂತ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೇಕಾಗುವ ವಸ್ತುಗಳು ಹೆಚ್ಚೇನಿಲ್ಲ. ಕ್ಯಾಮೆರಾ ಇರುವ ಒಂದು ಫೋನು, ಒಂದು ನೋಟುಪುಸ್ತಕ, ಹೆರಿಗೆಯ ಸಮಯದ ಡಿಸ್ಚಾರ್ಜ್ ಪತ್ರ, ತಾಯಿ ಮತ್ತು ಮಗುವಿನ ರಕ್ಷಾ ಕಾರ್ಡು, ಅಂದರೆ ಚುಚ್ಚುಮದ್ದಿನ ವಿವರ ಬರೆಯುವ ಎಂಸಿಪಿ ಕಾರ್ಡು, ಇವಿಷ್ಟನ್ನು ಒಂದೆಡೆ ಇಟ್ಟುಕೊಳ್ಳಿ. ಆ ಕಾರ್ಡಿನಲ್ಲಿ ಮಗುವಿನ ಬೆಳವಣಿಗೆಯ ಹಂತಗಳ ಚಿತ್ರಗಳೂ ಇರುತ್ತವೆ. ಅನೇಕರು ಅವುಗಳತ್ತ ಕಣ್ಣು ಹಾಯಿಸುವುದೇ ಇಲ್ಲ.

1. ವಯಸ್ಸಿಗೆ ತಕ್ಕ ಅಳತೆಯನ್ನು ತಿಳಿದುಕೊಳ್ಳಿ

ಎಲ್ಲ ಮಕ್ಕಳೂ ಒಂದೇ ದಿನ ಮಾತು ಕಲಿಯುವುದಿಲ್ಲ, ಆದರೆ ಕೆಲವು ಗಡಿಗಳನ್ನು ದಾಟಿದರೆ ಕಾಯುತ್ತ ಕೂರಬಾರದು. ಹನ್ನೆರಡು ತಿಂಗಳಾದರೂ "ಬಬಬ", "ದದದ" ಎಂಬಂತಹ ತೊದಲು ಇಲ್ಲದಿರುವುದು, ಬೆರಳು ತೋರಿಸುವುದು ಅಥವಾ ಟಾಟಾ ಮಾಡುವುದು ಇಲ್ಲದಿರುವುದು. ಹದಿನಾರು ತಿಂಗಳಾದರೂ ಅರ್ಥವುಳ್ಳ ಒಂದು ಪದವೂ ಇಲ್ಲದಿರುವುದು. ಎರಡು ವರ್ಷಕ್ಕೆ "ಅಮ್ಮ ಬಾ", "ಹಾಲು ಬೇಕು" ಎಂಬಂತೆ ಎರಡು ಪದಗಳನ್ನು ತಾನಾಗಿ ಜೋಡಿಸದಿರುವುದು. ಇವು ತಪಾಸಣೆಗೆ ಹೋಗಬೇಕಾದ ಸೂಚನೆಗಳು. ಮೂರು ವರ್ಷದ ಮಗುವಿನ ಮಾತಿನ ಮುಕ್ಕಾಲು ಪಾಲು ಹೊರಗಿನವರಿಗೂ ಅರ್ಥವಾಗಬೇಕು, ನಾಲ್ಕಕ್ಕೆ ಬಹುಪಾಲು ಎಲ್ಲವೂ.

ಬಂದಿದ್ದ ಮಾತು ಹೋಗುವುದು ಇವೆಲ್ಲಕ್ಕಿಂತ ಗಂಭೀರವಾದ ಸೂಚನೆ. ಆಡುತ್ತಿದ್ದ ಪದಗಳನ್ನು ಮಗು ಯಾವ ವಯಸ್ಸಿನಲ್ಲೇ ಕಳೆದುಕೊಂಡರೂ ಮುಂದಿನ ಹಂತಗಳನ್ನೆಲ್ಲ ಬದಿಗಿಟ್ಟು ತಡಮಾಡದೆ ಮಕ್ಕಳ ವೈದ್ಯರಲ್ಲಿಗೆ ಹೋಗಿ.

ಅನಗತ್ಯವಾಗಿ ಹೆದರುವುದೂ ಬೇಡ. ಮೂರು ವರ್ಷದ ಮಗು "ರಾಮ" ಎನ್ನಲು "ಲಾಮ" ಎಂದರೆ ಅದು ಸಹಜ, ಏಕೆಂದರೆ ರಕಾರ ತಡವಾಗಿ ಕೂಡಿಬರುವ ಧ್ವನಿ. ಎರಡರಿಂದ ಐದು ವರ್ಷದ ನಡುವೆ ಕೆಲವು ಮಕ್ಕಳು ಪದಗಳನ್ನು ಪುನರುಚ್ಚರಿಸುತ್ತ ತಡವರಿಸುವುದೂ ಸಾಮಾನ್ಯ. ಆದರೆ ಆ ಉಗ್ಗು ಆರು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ, ಮಾತಾಡುವಾಗ ಮುಖ ಬಿಗಿಯುತ್ತಿದ್ದರೆ, ಅಥವಾ ಕುಟುಂಬದಲ್ಲಿ ಉಗ್ಗುವವರಿದ್ದರೆ ತೋರಿಸುವುದೇ ಲೇಸು.

2. ಮೊದಲು ಕಿವಿ, ಬಳಿಕ ಮಾತು

ಮಾತಿನ ತೊಂದರೆಯೆಂದು ಬರುವ ಪ್ರತಿ ಮಗುವಿಗೂ ಶ್ರವಣ ಪರೀಕ್ಷೆ ಆಗಲೇಬೇಕು. ಮನೆಯಲ್ಲಿ ಕೈತಟ್ಟಿ, ತಟ್ಟೆ ಬಡಿದು ನೋಡುವುದು ಪರೀಕ್ಷೆಯಲ್ಲ. ಕುಕ್ಕರಿನ ಶಿಳ್ಳೆಗೆ ತಿರುಗುವ ಮಗು ಸ, ಶ, ತ ಮುಂತಾದ ಮೆಲು ಧ್ವನಿಗಳನ್ನು ಕೇಳದೆ ಇರಬಹುದು; ಬಾಗಿಲು ಬಡಿದಾಗ ಬೆಚ್ಚುವುದಕ್ಕೆ ನೆಲದ ಕಂಪನವೊಂದೇ ಸಾಕು. ಕೇಳುವ ಶಕ್ತಿ ಅರೆಬರೆಯಾಗಿದ್ದಾಗ "ಕಿವಿ ಚೆನ್ನಾಗಿದೆ, ಹಟಮಾರಿ ಅಷ್ಟೆ" ಎಂದು ಮನೆಯವರು ನಂಬಿಬಿಡುವುದು ಈ ಕಾರಣದಿಂದಲೇ.

ಆಸ್ಪತ್ರೆಯಲ್ಲಿ ಮಾಡುವ ಪರೀಕ್ಷೆಗಳ ಹೆಸರುಗಳನ್ನು ತಿಳಿದಿರಿ. ಓಎಇ ಎಂಬುದರಲ್ಲಿ ಕಿವಿಯೊಳಗೆ ಪುಟ್ಟ ತುದಿಯೊಂದನ್ನಿಟ್ಟು ಮೆಲ್ಲನೆ ಶಬ್ದ ಕೊಡುತ್ತಾರೆ. ಆರೋಗ್ಯವಂತ ಒಳಗಿವಿ ಅದಕ್ಕೆ ಪ್ರತಿಯಾಗಿ ತಾನೇ ಅತಿ ಕ್ಷೀಣವಾದ ಶಬ್ದವನ್ನು ಹೊರಡಿಸುತ್ತದೆ, ಅದನ್ನು ಯಂತ್ರ ಗುರುತಿಸುತ್ತದೆ. 1978ರಲ್ಲಿ ಡೇವಿಡ್ ಕೆಂಪ್ ಎಂಬ ವಿಜ್ಞಾನಿ ಕಂಡುಹಿಡಿದ ವಿದ್ಯಮಾನವಿದು. ಬೇರಾ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಹಣೆ ಮತ್ತು ಕಿವಿಯ ಹಿಂಭಾಗಕ್ಕೆ ತಂತಿಗಳನ್ನು ಅಂಟಿಸಿ, ಶಬ್ದವು ನರದ ಮೂಲಕ ಮಿದುಳಿನ ಬುಡದವರೆಗೆ ತಲುಪುವುದನ್ನು ಅಳೆಯುತ್ತಾರೆ. ಎರಡೂ ನೋವಿಲ್ಲದವು, ಮಗು ಮಲಗಿರುವಾಗಲೇ ಆಗುವಂಥವು. ಆರು ತಿಂಗಳು ದಾಟಿದ ಮಗುವಾದರೆ ಶಬ್ದದ ಕಡೆಗೆ ತಿರುಗಿದಾಗ ಬೆಳಗುವ ಗೊಂಬೆಯನ್ನು ತೋರಿಸುವ ಪರೀಕ್ಷೆಯೂ ಇದೆ. ನೆಗಡಿ ಪದೇ ಪದೇ ಬರುವ ಮಕ್ಕಳಲ್ಲಿ ಮಧ್ಯಕಿವಿಯಲ್ಲಿ ದ್ರವ ನಿಂತು ಕೇಳುವಿಕೆ ಮಂದವಾಗುವುದುಂಟು. ಅದನ್ನು ನೋಡುವುದು ಟಿಂಪನೋಮೆಟ್ರಿ.

ಇಲ್ಲಿ ಆಗುವ ತಪ್ಪುಗಳು ಎರಡು. ಓಎಇ ಫಲಿತಾಂಶದಲ್ಲಿ "ರೆಫರ್" ಎಂದು ಬಂದರೆ ಮಗು ಕಿವುಡು ಎಂದರ್ಥವಲ್ಲ. ಹುಟ್ಟಿದ ಹೊಸತರಲ್ಲಿ ಕಿವಿಯಲ್ಲಿರುವ ದ್ರವದಿಂದಲೂ ಹಾಗಾಗುತ್ತದೆ. ಆದರೆ ಮರುಪರೀಕ್ಷೆಗೆ ಹೋಗದೆ ಉಳಿಯಬಾರದು. ಹಾಗೆಯೇ "ಪಾಸ್" ಎಂದು ಬಂದರೂ ಅದೇ ಕೊನೆಯ ಮಾತಲ್ಲ: ಒಳಗಿವಿ ಸರಿಯಿದ್ದು ನರದಲ್ಲಿ ತೊಂದರೆಯಿದ್ದರೆ ಓಎಇ ಅದನ್ನು ಹಿಡಿಯಲಾರದು. ಅವಧಿಗೆ ಮೊದಲೇ ಹುಟ್ಟಿ ತೀವ್ರನಿಗಾ ಘಟಕದಲ್ಲಿದ್ದ, ಅಥವಾ ರಕ್ತ ಬದಲಾಯಿಸಬೇಕಾದಷ್ಟು ಕಾಮಾಲೆ ಏರಿದ್ದ ಮಕ್ಕಳಿಗೆ ಬೇರಾ ಕೂಡ ಬೇಕೆಂದು ನೀವಾಗಿಯೇ ಕೇಳಿ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ಶ್ರವಣ ತಜ್ಞರು ಜಗತ್ತಿನಾದ್ಯಂತ ಪಾಲಿಸಲೆತ್ನಿಸುವ ಸೂತ್ರ. ಕೇರಳ ಸರಕಾರದ ಶ್ರುತಿತರಂಗಂ ಯೋಜನೆಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಒಳಗಿವಿಗೆ ಶ್ರವಣ ಸಾಧನ ಅಳವಡಿಸುವ ಶಸ್ತ್ರಚಿಕಿತ್ಸೆಗೆ ಸಿಗುವ ನೆರವು ಐದು ವರ್ಷದವರೆಗಿನ ಮಕ್ಕಳಿಗಾಗಿ ಇರುವುದರಿಂದ, ತಡಮಾಡಿದರೆ ನಷ್ಟ ಎರಡು ಬಗೆಯದು.

ಫೋನಿನಲ್ಲಿ ಸಿಗುವ ಶ್ರವಣ ಪರೀಕ್ಷೆಯ ಆಪ್‌ಗಳನ್ನು ಎಳೆಯ ಮಕ್ಕಳ ಮೇಲೆ ಪ್ರಯೋಗಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಹಿಯರ್‌ಹೂ ಕೂಡ ದೊಡ್ಡವರಿಗಾಗಿ ರೂಪಿಸಿದ್ದು.

ನಮ್ಮ ಜಿಲ್ಲೆಗೇ ಸೇರಿದ ಒಂದು ಮಾತನ್ನು ಇಲ್ಲಿ ಹೇಳಬೇಕು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆಯಂತಹ, ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತವಾದ ಪಂಚಾಯತುಗಳಲ್ಲಿ ಮಗುವಿನ ಯಾವ ತೊಂದರೆಯನ್ನೂ ಅದರ ಲೆಕ್ಕಕ್ಕೆ ಸೇರಿಸಿ, ಇನ್ನೇನೂ ಮಾಡುವಂತಿಲ್ಲ ಎಂದು ಕೈಚೆಲ್ಲುವುದನ್ನು ಕಾಣುತ್ತೇವೆ. ಕಾರಣ ಯಾವುದೇ ಇರಲಿ, ಕಿವಿಯ ಪರೀಕ್ಷೆ ಆ ಮಗುವಿನ ಹಕ್ಕು. ಬಜೆ ತೇದು ನಾಲಗೆಗೆ ಹಚ್ಚುವುದರಿಂದಲೋ, ನಾಲಗೆಯ ಕೆಳಗಿನ ಕಟ್ಟನ್ನು ಕತ್ತರಿಸುವುದರಿಂದಲೋ ಮಾತು ಬರುತ್ತದೆಂದು ನಂಬಿ ತಿಂಗಳುಗಳನ್ನು ಕಳೆಯಬೇಡಿ. ನಾಲಗೆಯ ಕಟ್ಟಿನಿಂದ ಕೆಲವು ಉಚ್ಚಾರಗಳಿಗೆ ತೊಡಕಾಗಬಹುದು, ಮಾತೇ ಬಾರದಿರಲು ಅದು ಕಾರಣವಲ್ಲ.

3. ಪ್ರಶ್ನಾವಳಿಯನ್ನು ನಿಧಾನವಾಗಿ ತುಂಬಿ

ತಪಾಸಣೆಯ ಪ್ರಶ್ನಾವಳಿಗಳು ಈಗ ಫೋನಿನಲ್ಲೇ ಸಿಗುತ್ತವೆ. ತಿರುವನಂತಪುರದ ಮಕ್ಕಳ ಬೆಳವಣಿಗೆ ಕೇಂದ್ರದಲ್ಲಿ ರೂಪುಗೊಂಡ ಲೆಸ್ಟ್ ಎಂಬ ಭಾಷಾ ಮಾಪನ ನಮ್ಮ ರಾಜ್ಯದ್ದೇ. ಮೂರು ವರ್ಷದವರೆಗಿನವರಿಗೆ ಒಂದು, ಮೂರರಿಂದ ಆರರವರೆಗೆ ಇನ್ನೊಂದು ಎಂದು ಅದರಲ್ಲಿ ಎರಡು ಭಾಗಗಳಿವೆ. ಅಂಗನವಾಡಿ ಟೀಚರ್ ಅಥವಾ ಆರೋಗ್ಯ ಕಾರ್ಯಕರ್ತೆಯ ಬಳಿ ಅದರ ಬಗ್ಗೆ ವಿಚಾರಿಸಿ. ಇಂತಹ ಮಾಪನಗಳು ಬಹುಮಟ್ಟಿಗೆ ಹೆತ್ತವರನ್ನು ಕೇಳಿ ತಿಳಿಯುವಂಥವು, ಆದ್ದರಿಂದ ಮಗುವಿನ ಮನೆಮಾತು ಯಾವುದಾದರೂ ಬಳಸಬಹುದು.

ಎಂ-ಚಾಟ್-ಆರ್ ಎಂಬ ಇಪ್ಪತ್ತು ಪ್ರಶ್ನೆಗಳ ಪಟ್ಟಿ ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗೆ. ಇದು ಆಟಿಸಂ, ಅಂದರೆ ಇತರರೊಡನೆ ಬೆರೆಯಲು ಮತ್ತು ಸಂವಹಿಸಲು ತೊಡಕಾಗುವ ಬೆಳವಣಿಗೆಯ ಸ್ಥಿತಿ, ಇರುವ ಸಾಧ್ಯತೆಯನ್ನು ಹುಡುಕುವ ಪಟ್ಟಿಯೇ ಹೊರತು ಮಾತಿನ ಪರೀಕ್ಷೆಯಲ್ಲ ಎಂಬುದು ನೆನಪಿರಲಿ. ಅಂಕ 0ರಿಂದ 2 ಇದ್ದರೆ ಅಪಾಯ ಕಡಿಮೆ. 3ರಿಂದ 7 ಇದ್ದರೆ ಎರಡನೆಯ ಸುತ್ತಿನ ಪ್ರಶ್ನೆಗಳು ಬೇಕು. 8 ಅಥವಾ ಹೆಚ್ಚಿದ್ದರೆ ನೇರವಾಗಿ ತಜ್ಞರಲ್ಲಿಗೆ. ಎಲ್ಲಕ್ಕೂ "ಹೌದು" ಎಂದರೆ ಒಳ್ಳೆಯದು ಎಂದುಕೊಂಡು ತುಂಬುವುದು ಇದರಲ್ಲಿ ಆಗುವ ದೊಡ್ಡ ತಪ್ಪು. 2, 5 ಮತ್ತು 12ನೆಯ ಪ್ರಶ್ನೆಗಳಿಗೆ ಮಾತ್ರ "ಹೌದು" ಎಂಬುದೇ ಅಪಾಯದ ಉತ್ತರ. ಮಗು ಎಂದೋ ಒಂದೆರಡು ಬಾರಿ ಮಾಡಿದ್ದನ್ನು "ಹೌದು" ಎಂದು ಬರೆಯುವಂತಿಲ್ಲ, ಸಾಮಾನ್ಯವಾಗಿ ಮಾಡುತ್ತಿದ್ದರೆ ಮಾತ್ರ ಬರೆಯಬೇಕು. ಇಂಗ್ಲಿಷ್ ಪಟ್ಟಿಯನ್ನು ಫೋನಿನ ಅನುವಾದಕ್ಕೆ ಹಾಕಿ ಉತ್ತರಿಸಬೇಡಿ; ಪ್ರಶ್ನೆಯ ಒಂದು "ಇಲ್ಲ" ಬಿಟ್ಟುಹೋದರೂ ಅಂಕ ತಿರುವುಮುರುವಾಗುತ್ತದೆ. ಈ ಪಟ್ಟಿಗೆ ಭಾರತೀಯ ಭಾಷೆಗಳಲ್ಲಿ ಅಧಿಕೃತ ಅನುವಾದಗಳಿವೆ, ಅವುಗಳನ್ನೇ ಬಳಸಿ.

ಮಗುವನ್ನು ದಿನವಿಡೀ ನೋಡಿಕೊಳ್ಳುವುದು ಅಜ್ಜಿಯಾಗಿದ್ದರೆ ಅಪ್ಪ ಅಮ್ಮ ಮಾತ್ರ ಕೂತು ತುಂಬುವುದು ಸರಿಯಲ್ಲ. ಅಜ್ಜಿಯನ್ನೂ ಕೂರಿಸಿಕೊಳ್ಳಿ.

4. ಮನೆಯ ಮಾತನ್ನು ದಾಖಲಿಸಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಅಪರಿಚಿತ ಕೋಣೆಯಲ್ಲಿ, ಅಪರಿಚಿತರ ಮುಂದೆ, ಅಷ್ಟಾಗಿ ತಿಳಿಯದ ಭಾಷೆಯಲ್ಲಿ ಮಗು ಬಾಯಿ ಬಿಡದೆ ಕೂತರೆ ತಜ್ಞರಾದರೂ ಏನನ್ನು ಅಳೆಯಲು ಸಾಧ್ಯ? ನೀವು ಒಯ್ಯುವ ವಿಡಿಯೊಗಳು ಆ ಕೊರತೆಯನ್ನು ತುಂಬುತ್ತವೆ.

ಹತ್ತು ಹತ್ತು ನಿಮಿಷಗಳ ಮೂರು ನಾಲ್ಕು ವಿಡಿಯೊಗಳು ಸಾಕು: ಹೆಚ್ಚು ಬಳಕೆಯಿರುವ ಹಿರಿಯರೊಡನೆ ಆಟವಾಡುವಾಗ, ಊಟ ಮಾಡುವಾಗ, ಚಿತ್ರಪುಸ್ತಕ ನೋಡುವಾಗ, ಇನ್ನೊಂದು ಮಗುವಿನ ಜೊತೆ ಇರುವಾಗ. ಟಿವಿ, ಫ್ಯಾನು, ಮಿಕ್ಸಿ ಆರಿಸಿ. ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ತೆಗೆದ ವಿಡಿಯೊದಲ್ಲಿ ಮಗುವಿನ ಸ್ವರ ಕೇಳಿಸುವುದಿಲ್ಲ. ಫೋನನ್ನು ಒಂದು ಮಾರು ದೂರದೊಳಗೆ ಒರಗಿಸಿಡಿ, ಬೆಳಕು ಮಗುವಿನ ಮುಖದ ಮೇಲೆ ಬೀಳಲಿ, ಮುಖದ ಜೊತೆಗೆ ಕೈಗಳೂ ಕಾಣಲಿ. ಕೈ ಏಕೆಂದರೆ, ಬೆರಳು ತೋರಿಸುವುದು, ವಸ್ತುವನ್ನು ತಂದು ಕೊಡುವುದು, ಕಣ್ಣಿಟ್ಟು ನೋಡುವುದು ಇವೆಲ್ಲವೂ ಸಂವಹನವೇ; ತಜ್ಞರು ಮೊದಲು ಗಮನಿಸುವುದು ಇವುಗಳನ್ನೇ.

ಇಲ್ಲಿ ಬಹುತೇಕ ಎಲ್ಲರೂ ಮಾಡುವ ತಪ್ಪೆಂದರೆ ಮಗುವನ್ನು ಪರೀಕ್ಷೆಗೆ ಕೂರಿಸುವುದು. "ಇದೇನು ಹೇಳು, ಅದೇನು ಹೇಳು, ಮಾಮಂಗೆ ಹೇಳು" ಎಂದು ಒತ್ತಾಯಿಸಿದರೆ ಮಗು ಮೌನವಾಗುತ್ತದೆ, ಇಲ್ಲವೇ ಹೇಳಿಕೊಟ್ಟದ್ದನ್ನು ಮಾತ್ರ ಹೇಳುತ್ತದೆ. ನೀವು ಒಂದು ಮಾತು ಆಡಿ, ಐದರಿಂದ ಹತ್ತು ಸೆಕೆಂಡು ಸುಮ್ಮನಿದ್ದು ಮಗುವಿನ ಸರದಿಗೆ ಎಡೆ ಕೊಡಿ.

ದಾಖಲಿಸಿದ ದಿನವೇ ನೋಟುಪುಸ್ತಕದಲ್ಲಿ ಮಗು ತಾನಾಗಿ ಬಳಸುವ ಪದಗಳ ಪಟ್ಟಿ ಮಾಡಿ. ಎಲ್ಲ ಭಾಷೆಗಳ ಪದಗಳೂ ಒಂದೇ ಪಟ್ಟಿಗೆ ಬರಬೇಕು. ಅಜ್ಜಿಯೊಡನೆ ಹವ್ಯಕದಲ್ಲಿ "ಎನಗೆ ಬೇಡ" ಎಂದು, ಕೆಲಸದಾಕೆಯೊಡನೆ ತುಳುವಿನಲ್ಲಿ "ಬೊಡ್ಚಿ" ಎಂದು, ಅಂಗನವಾಡಿಯಲ್ಲಿ "ವೇಂಡ" ಎಂದು ಮಗು ಹೇಳುತ್ತಿದ್ದರೆ ಅದಕ್ಕೆ ಮೂರು ಪದಗಳು ಗೊತ್ತಿವೆ; ಒಂದೇ ಭಾಷೆಯ ಪದಗಳನ್ನಷ್ಟೇ ಎಣಿಸಿದರೆ ಆರೋಗ್ಯವಂತ ಮಗುವೂ ಹಿಂದುಳಿದಂತೆ ಕಾಣುತ್ತದೆ. ಉಚ್ಚಾರ ಅಪೂರ್ಣವಾಗಿದ್ದರೂ ಒಂದೇ ಅರ್ಥಕ್ಕೆ ಮತ್ತೆ ಮತ್ತೆ ಬಳಸುವ ಶಬ್ದ ಪದವೇ. ದನವನ್ನು ಕಂಡು "ಅಂಬಾ" ಎನ್ನುವುದೂ ಎಣಿಕೆಗೆ ಬರುತ್ತದೆ. ಆದರೆ ಯೂಟ್ಯೂಬಿನ ಶಿಶುಗೀತೆಯನ್ನು ಗಿಳಿಪಾಠದಂತೆ ಒಪ್ಪಿಸುವುದನ್ನು ಬೇರೆಯಾಗಿ ಬರೆಯಿರಿ, ಏಕೆಂದರೆ ಕೇಳಿದ್ದನ್ನು ಒಪ್ಪಿಸಬಲ್ಲ ಮಗುವಿಗೆ ನೀರು ಬೇಕೆಂದು ಕೇಳಲು ಬಾರದಿರುವುದೂ ಒಂದು ಮುಖ್ಯ ಸುಳಿವು.

ಮನೆಮಾತಿನ ವ್ಯಾಕರಣವನ್ನೂ ತಜ್ಞರಿಗೆ ತಿಳಿಸಬೇಕಾಗುತ್ತದೆ. ಹವ್ಯಕದಲ್ಲಿ ಹೆಂಗಸರಿಗೂ ನಪುಂಸಕಲಿಂಗದ ಕ್ರಿಯಾಪದ ಬಳಸುವುದರಿಂದ "ಅಕ್ಕ ಬಂತು" ಎಂಬುದು ಸರಿಯಾದ ವಾಕ್ಯ. ಶಾಲೆಯ ಕನ್ನಡವನ್ನಷ್ಟೇ ಬಲ್ಲವರು ಅದನ್ನು ಲಿಂಗದೋಷವೆಂದು ಗುರುತು ಹಾಕಿಯಾರು. ಮಲಯಾಳದ ಕ್ರಿಯಾಪದಗಳಿಗೆ ಲಿಂಗವಚನದ ಪ್ರತ್ಯಯಗಳೇ ಇಲ್ಲ. ಮಲಯಾಳವನ್ನೇ ಹೆಚ್ಚು ಕೇಳುವ ಮಗುವಿನ ಕನ್ನಡದಲ್ಲಿ ಅವು ತಡವಾಗಿ ಬಂದರೆ ಅಚ್ಚರಿಯಿಲ್ಲ. ಕಾಗದದ ಮೇಲೆ "ಮನೆಯಲ್ಲಿ ಯಾರು ಯಾವ ಭಾಷೆ ಆಡುತ್ತಾರೆ, ದಿನದ ಎಷ್ಟು ಹೊತ್ತು" ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ಜೊತೆಗೊಯ್ಯಿರಿ.

ಕಡತಕ್ಕೆ ದಿನಾಂಕ ಮತ್ತು ಮಗುವಿನ ವಯಸ್ಸನ್ನು ಹೆಸರಾಗಿ ಕೊಡಿ. ವಾಟ್ಸಾಪಿನಲ್ಲಿ ಕಳುಹಿಸುವುದಾದರೆ ವಿಡಿಯೊವಾಗಿ ಕಳುಹಿಸದೆ ಡಾಕ್ಯುಮೆಂಟ್ ಆಗಿ ಕಳುಹಿಸಿ, ಇಲ್ಲವಾದರೆ ಗುಣಮಟ್ಟ ಕುಗ್ಗುತ್ತದೆ. ಕುಟುಂಬದ ಗ್ರೂಪಿಗೆ ಹಾಕಿ ಅಭಿಪ್ರಾಯ ಕೇಳಬೇಡಿ.

5. ಆಪ್‌ನ ತೀರ್ಪನ್ನು ಅಳೆದು ನೋಡಿ

ಮಗುವಿನ ಸ್ವರವನ್ನು ಕೇಳಿ ಕೃತಕ ಬುದ್ಧಿಮತ್ತೆಯಿಂದ ದೋಷ ಗುರುತಿಸುತ್ತೇವೆನ್ನುವ ಆಪ್‌ಗಳ ವಿಷಯದಲ್ಲಿ ಎಚ್ಚರವಿರಲಿ. ಮಕ್ಕಳ ಗಂಟಲು ಮತ್ತು ಬಾಯಿಯ ನಾಳ ಚಿಕ್ಕದಾದ್ದರಿಂದ ಅವರ ಸ್ವರದ ರಚನೆಯೇ ಬೇರೆ. ಮಾತನ್ನು ಗುರುತಿಸುವ ತಂತ್ರಾಂಶಗಳಾದರೋ ಮುಖ್ಯವಾಗಿ ದೊಡ್ಡವರ ಮಾತಿನಿಂದ ತರಬೇತಿ ಪಡೆದವು. ಒಂದೇ ವಾಕ್ಯದಲ್ಲಿ ತುಳು, ಕನ್ನಡ, ಮಲಯಾಳ ಬೆರೆಸುವ ಮೂರು ವರ್ಷದ ಮಗುವಿನ ಮಾತನ್ನು ಅವು ತಪ್ಪಾಗಿ ಓದಿದರೆ ಆ ತಪ್ಪು ಮಗುವಿನದಲ್ಲ. ಮಗುವಿನ ಅಂಗಿಯ ಜೇಬಿನಲ್ಲಿಟ್ಟು ದಿನವಿಡೀ ದಾಖಲಿಸುವ ಲೀನಾ ಎಂಬ ಅಮೆರಿಕದ ಸಾಧನ, ದೊಡ್ಡವರು ಎಷ್ಟು ಪದ ಆಡಿದರು, ಮಗುವಿನೊಡನೆ ಎಷ್ಟು ಬಾರಿ ಮಾತಿನ ಸರದಿ ನಡೆಯಿತು ಎಂದು ಎಣಿಸುತ್ತದೆ. ಮಗು ಏನು ಹೇಳಿತೆಂದು ಅದಕ್ಕೂ ಅರ್ಥವಾಗುವುದಿಲ್ಲ.

ಲೆಕ್ಕವನ್ನೂ ನೋಡಿ. ಬೇರೆ ಕಾರಣವಿಲ್ಲದೆ ಭಾಷೆಯೇ ಹಿಂದುಳಿಯುವ ತೊಂದರೆ ನೂರರಲ್ಲಿ ಸುಮಾರು ಏಳು ಮಕ್ಕಳಿಗೆ ಇರುತ್ತದೆ. ಉದಾಹರಣೆಗೆ, ತೊಂದರೆ ಇರುವವರಲ್ಲಿ ಶೇಕಡಾ 80 ಮಂದಿಯನ್ನು ಹಿಡಿಯುವ, ಇಲ್ಲದವರಲ್ಲಿ ಶೇಕಡಾ 80 ಮಂದಿಯನ್ನು ಸರಿಯಾಗಿ ಬಿಡುವ ಆಪ್ ಒಂದಿದೆಯೆನ್ನಿ. ಸಾವಿರ ಮಕ್ಕಳಲ್ಲಿ ತೊಂದರೆ ಇರುವ 70 ಮಂದಿಯಲ್ಲಿ 56 ಮಂದಿಯನ್ನು ಅದು ಹಿಡಿಯುತ್ತದೆ, 14 ಮಂದಿ ತಪ್ಪಿಹೋಗುತ್ತಾರೆ. ಉಳಿದ 930 ಮಂದಿಯಲ್ಲಿ 186 ಮಕ್ಕಳಿಗೆ ಇಲ್ಲದ ತೊಂದರೆಯನ್ನು ಅಂಟಿಸುತ್ತದೆ. ತೊಂದರೆಯಿದೆಯೆಂದು ಆಪ್ ಕೆಂಪು ಗುರುತು ಹಾಕಿದವರಲ್ಲಿ ನಿಜವಾಗಿ ತೊಂದರೆ ಇರುವವರು ಕಾಲುಭಾಗಕ್ಕಿಂತಲೂ ಕಡಿಮೆ. ಹಾಗಾಗಿ ಕೆಂಪು ಗುರುತು ಕಂಡರೆ ಕಂಗೆಡಬೇಡಿ. ಹಸಿರು ಗುರುತು ಕಂಡಿತೆಂದು ನಿಮ್ಮ ಮನಸ್ಸಿನ ಅನುಮಾನವನ್ನು ಅದುಮಿಡಲೂ ಬೇಡಿ.

ಆಪ್ ಹಾಕಿಕೊಳ್ಳುವ ಮೊದಲು ಅದು ಯಾವ ವಯಸ್ಸಿನ, ಯಾವ ಭಾಷೆಯ ಮಕ್ಕಳ ಮೇಲೆ ಪರೀಕ್ಷೆಗೊಂಡಿದೆ, ವಾಕ್ ತಜ್ಞರು ಅದರ ಹಿಂದಿದ್ದಾರೆಯೇ, ಮಗುವಿನ ಧ್ವನಿ ಎಲ್ಲಿ ಶೇಖರವಾಗುತ್ತದೆ, ಅಳಿಸಬಹುದೇ ಎಂದು ನೋಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ವರ್ಷದೊಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆಯನ್ನು ಕಡ್ಡಾಯಗೊಳಿಸುತ್ತದೆ. ಉತ್ತರ ಸಿಗದಿದ್ದರೆ ಒಪ್ಪಿಗೆ ಕೊಡಬೇಡಿ. ಮಾತು ಕಲಿಸುವ ಆಪ್ ಎಂದು ಫೋನನ್ನು ಮಗುವಿನ ಕೈಗೇ ಕೊಡುವುದಂತೂ ಬೇಡ. ಎರಡು ವರ್ಷದೊಳಗೆ ಪರದೆಯೇ ಬೇಡವೆಂದು, ಆ ಬಳಿಕ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ.

6. ಎಲ್ಲಿಗೆ ಹೋಗಬೇಕು

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ ಉಚಿತ ತಪಾಸಣೆಯಿದೆ. ಶ್ರವಣದ ಕೊರತೆ ಮತ್ತು ಭಾಷೆಯ ವಿಳಂಬ ಎರಡೂ ಅದರ ಪಟ್ಟಿಯಲ್ಲಿವೆ. ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಎಲ್ಲರೂ ಡಿಇಐಸಿ ಎಂದು ಕರೆಯುವ ಕೇಂದ್ರಕ್ಕೆ, ಚೀಟಿ ಪಡೆಯಿರಿ. ಕೇರಳದ ಯೋಜನೆಗಳ ನೆರವಿಗೆ ಈ ದಾರಿಯ ದಾಖಲೆ ಬೇಕಾಗಬಹುದು, ಆದ್ದರಿಂದ ನೇರವಾಗಿ ಮಂಗಳೂರಿಗೆ ಹೋಗುವವರೂ ಇದನ್ನು ಬಿಡಬಾರದು.

ಆದರೆ ಭಾಷೆಯ ಮೌಲ್ಯಮಾಪನ ಮಗುವಿನ ಬಲವಾದ ಭಾಷೆಯಲ್ಲಿ ನಡೆಯಬೇಕು. ಸಮಯ ಗೊತ್ತುಮಾಡುವಾಗಲೇ "ಕನ್ನಡ ಅಥವಾ ತುಳು ಬಲ್ಲ ತಜ್ಞರು ಇದ್ದಾರೆಯೇ?" ಎಂದು ಕೇಳಿ. ಇಲ್ಲದಿದ್ದರೆ ಕಿವಿಯ ಪರೀಕ್ಷೆಯನ್ನು ಇಲ್ಲೇ ಮುಗಿಸಿ, ಭಾಷೆಯ ಪರೀಕ್ಷೆಗೆ ಮಂಗಳೂರಿನ ವೈದ್ಯಕೀಯ ಕಾಲೇಜುಗಳ ವಾಕ್ ಶ್ರವಣ ವಿಭಾಗಗಳಿಗೆ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. 1965ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯಲ್ಲಿ ಕನ್ನಡ ಮಕ್ಕಳ ಭಾಷೆಯ ಬಗ್ಗೆ ದೀರ್ಘಕಾಲದ ಅಧ್ಯಯನವಿದೆ. ವರದಿ ಮಲಯಾಳದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಪ್ರತಿಯನ್ನೂ ಕೇಳಿ ಪಡೆಯಿರಿ, ಗಡಿಯಾಚೆ ಅದೇ ಉಪಯೋಗಕ್ಕೆ ಬರುವುದು. ಖಾಸಗಿ ಕ್ಲಿನಿಕ್ಕಾದರೆ ತಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ವಿಚಾರಿಸಲು ಸಂಕೋಚ ಬೇಡ. ಶಾಶ್ವತವಾದ ತೊಂದರೆಯೆಂದು ನಿರ್ಣಯವಾದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಶ್ರವಣದೋಷವೂ ವಾಕ್-ಭಾಷಾ ವೈಕಲ್ಯವೂ ಸೇರಿವೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ, ಅರ್ಜಿ ಹಾಕಬಹುದು.

ದೂರದ ಊರಿನವರಿಗೆ ವಿಡಿಯೊ ಕರೆಯ ಮೂಲಕ ಥೆರಪಿ ಈಗ ಸಾಧ್ಯ. ಮೊದಲ ಭೇಟಿ ಮುಖಾಮುಖಿಯಾಗಿ ಆಗಲಿ, ಮುಂದಿನವು ಫೋನಿನಲ್ಲಿ ಆಗಬಹುದು. ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಕೈಕೊಡುವ ಕಡೆಗಳಲ್ಲಿ ವಿಡಿಯೊವನ್ನು ಮೊದಲೇ ಕಳುಹಿಸಿ, ಕರೆಯಲ್ಲಿ ಅದರ ಬಗ್ಗೆ ಚರ್ಚಿಸುವುದು ನೇರ ಪ್ರಸಾರಕ್ಕಿಂತ ಉತ್ತಮ.

7. ಸರದಿ ಬರುವವರೆಗೆ

ತಜ್ಞರ ಭೇಟಿಗೆ ವಾರಗಟ್ಟಲೆ ಕಾಯಬೇಕಾಗಬಹುದು. ಆ ಅವಧಿಯಲ್ಲಿ ಸ್ನಾನ, ಊಟ, ಹಟ್ಟಿಗೆ ಹೋಗುವುದು, ಅಡಿಕೆ ಹೆಕ್ಕುವುದು ಮುಂತಾಗಿ ದಿನವೂ ನಡೆಯುವ ಕೆಲಸಗಳಲ್ಲಿ ಮಗುವನ್ನು ಸೇರಿಸಿಕೊಂಡು, ನಿಮ್ಮ ಮನೆಮಾತಿನಲ್ಲೇ ಚಿಕ್ಕ ವಾಕ್ಯಗಳಲ್ಲಿ ಮಾತಾಡಿ. ಮಗು "ನೀರ್" ಎಂದರೆ "ನೀರು ಬೇಕಾ? ತಣ್ಣನೆ ನೀರು" ಎಂದು ಒಂದು ಪದ ಸೇರಿಸಿ ಹಿಂತಿರುಗಿಸಿ, ತಪ್ಪು ತಿದ್ದಲು ಹೋಗಬೇಡಿ. ಮೂರು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಆಟಿಕೆಗಳೊಡನೆ ಇನ್ನೊಂದು ವಿಡಿಯೊ ತೆಗೆದು ಹಳೆಯದರ ಜೊತೆ ಇಡಿ. ಎರಡು ವಿಡಿಯೊಗಳ ನಡುವೆ ಹೊಸ ಪದವಾಗಲಿ ಹೊಸ ಸನ್ನೆಯಾಗಲಿ ಕಾಣದಿದ್ದರೆ, ಗೊತ್ತುಮಾಡಿದ ದಿನಕ್ಕೆ ಕಾಯದೆ ಕೇಂದ್ರಕ್ಕೆ ಕರೆ ಮಾಡಿ, ಎರಡೂ ವಿಡಿಯೊಗಳ ದಿನಾಂಕ ಹೇಳಿ, ಭೇಟಿಯನ್ನು ಮುಂಚಿತವಾಗಿ ಕೊಡುವಂತೆ ಕೇಳಿ.